ಯಶೋದಾ ಕಥೆ ಹೇಳುವಾಗ ನಾನು ಹೂಂ ಅನ್ನಲಿಲ್ಲ

ಯಲ್ಲಾಪುರದಲ್ಲಿ ನಮಗೆ ಮನೆ ಬಾಡಿಗೆಗೆ ಕೊಟ್ಟ ಹೆಂಗಸು ಕಿವುಡಿ ಎಂದು ಮೂರು ದಿನ ತಿಳಿದುಕೊಂಡಿದ್ದೆ. ನಾನು ಮಾತಾಡುತ್ತಿದ್ದರೆ ಅವರು ನನ್ನ ಮುಖವನ್ನೇ ನೋಡುತ್ತ ನಿಂತಿರುತ್ತಿದ್ದರು. ಒಂದು ಹೂಂ ಇಲ್ಲ, ಒಂದು ಹೌದೇನು ಇಲ್ಲ, ತಲೆ ಸಹ ಅಲ್ಲಾಡದು. ನಾನು ದನಿ ಏರಿಸಿದೆ. ಬಚ್ಚಲಿನ ನೀರು ಹೋಗುವ ದಾರಿ ಕಟ್ಟಿಕೊಂಡಿದೆ ಎಂದು ನಾಲ್ಕನೇ ಸಲ ಹೇಳುವಾಗ ಎದುರುಮನೆಯವರು ಕಿಟಕಿ ತೆಗೆದು ನೋಡಿದರು.

“ಎಂತಕ್ಕೆ ಕೂಗ್ತ್ರಿ ನೀಲವ್ವ? ಕಿವಿ ಸಮಾ ಇದ್ದು. ನೀವು ಹೇಳಿ ಮುಗಸ್ಲಿ ಹೇಳಿ ಕಾಯ್ತಾ ಇದ್ದೆ,” ಎಂದರು ಮನೆಯೊಡತಿ. ಆಮೇಲೆ ತಾವೇ ಒಂದು ಕೋಲು ತಂದು ಬಚ್ಚಲಿನ ಕಸ ಬಿಡಿಸಿದರು.

ನಮ್ಮ ಕಡೆ ಒಬ್ಬರು ಮಾತಾಡುವಾಗ ಇನ್ನೊಬ್ಬರು ಸುಮ್ಮನಿದ್ದರೆ ಅದಕ್ಕೆ ಮೂರೇ ಅರ್ಥ. ನಿದ್ದೆ ಬಂದಿದೆ, ಇಲ್ಲವೇ ಸಿಟ್ಟು ಬಂದಿದೆ, ಇಲ್ಲವೇ ನೀನು ಹೇಳುವುದು ಸುಳ್ಳೆಂದು ಗೊತ್ತಿದೆ. ಇಲ್ಲಿ ಸುಮ್ಮನೆ ಕೇಳುವುದೇ ಮರ್ಯಾದೆ. ಹಾನಗಲ್ಲ ಕಡೆಯಿಂದ ಇಲ್ಲಿಗೆ ಬಸ್ಸಿನಲ್ಲಿ ಅರ್ಧ ದಿನದ ದಾರಿ. ಅಷ್ಟರೊಳಗೆ ಸುಮ್ಮನಿರುವುದರ ಅರ್ಥವೇ ಬದಲಾಗುತ್ತದೆ ಎಂದು ನನಗೆ ಯಾರೂ ಹೇಳಿರಲಿಲ್ಲ.

ನಮ್ಮೂರಿನ ಮಹಿಳಾ ಮಂಡಳದವರು ಒಂದು ಸಂಚಿಕೆ ತರುತ್ತಾರಂತೆ. “ನೀಲವ್ವ, ಅಲ್ಲಿ ಹ್ಯಾಂಗ ಅದೀ, ಏನು ಉಣ್ತಿ, ಎಲ್ಲಾ ಬರದು ಕಳಸು,” ಎಂದರು. ನಾನು ಮೂರನೇ ಇಯತ್ತೆಗೆ ಶಾಲೆ ಬಿಟ್ಟವಳು. ಮಗಳು ಮಂಜುಳಾ ಕಾಗುಣಿತ ತಿದ್ದಿದ್ದಾಳೆ, ಮಾತು ತಿದ್ದಲು ನಾನು ಬಿಟ್ಟಿಲ್ಲ. ಹೇಗಿದ್ದೇನೆ ಎನ್ನುವುದನ್ನೂ ಬರೆಯುತ್ತೇನೆ. ಆದರೆ ಕೂತದ್ದು ಅದಕ್ಕಲ್ಲ. ಇಲ್ಲಿ ಒಬ್ಬ ಹೆಂಗಸು ಹೇಳುತ್ತಿದ್ದ ಕಥೆ ನನ್ನಿಂದ ಅರ್ಧಕ್ಕೆ ನಿಂತಿತು. ನಿಂತದ್ದಕ್ಕೆ ಕಾರಣ ನಮ್ಮೂರಿನಲ್ಲಿದೆ, ನಮ್ಮ ಮನೆಯಲ್ಲಿದೆ. ಅದನ್ನು ನಿಮಗೆ ಹೇಳಿ, ನಿಮ್ಮಿಂದ ಒಂದು ಮಾತು ಕೇಳಬೇಕಾಗಿದೆ.

ಮಂಜುಳಾ ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸು. ಅವಳಿಗೆ ಯಲ್ಲಾಪುರಕ್ಕೆ ವರ್ಗವಾದಾಗ ಮೊಮ್ಮಗಳು ಇನ್ನೂ ಚಿಕ್ಕವಳು, ಅಳಿಯ ತೀರಿಕೊಂಡು ಎರಡು ವರ್ಷವಾಗಿತ್ತು. “ಅವ್ವಾ, ನೀ ಬಂದಬಿಡು,” ಎಂದಳು, ಬಂದೆ. ಊರಿನ ಮನೆ ತುಂಬ ಮಂದಿ ಇದ್ದಾರೆ. ಗಂಡುಮಕ್ಕಳು, ಸೊಸೆಯಂದಿರು, ಅವರ ಮಕ್ಕಳು. ನಾನಿಲ್ಲದಿದ್ದರೆ ಅಲ್ಲಿ ಒಲೆ ಆರುವುದಿಲ್ಲ. ಹೊರಡುವ ದಿನ ಯಾರೂ ಅಳಲಿಲ್ಲ, ನಾನೂ ಅಳಲಿಲ್ಲ.

ನಮ್ಮದು ಕಮಲಾಕ್ಷಮ್ಮನವರ ಮನೆಯ ಹಿಂಭಾಗದ ಎರಡು ಕೋಣೆ. ಅವರು ಕನ್ನಡ ಶಾಲೆಯ ಮಾಸ್ತರಿಕೆ ಮಾಡಿ ನಿವೃತ್ತರಾದವರು. ಹುಟ್ಟಿದ್ದು ಸಿದ್ದಾಪುರದ ನಿಲ್ಕುಂದದಲ್ಲಿ, ಹವ್ಯಕರು, ಕಟ್ಟುನಿಟ್ಟು. ನಾವು ಗಂಟುಮೂಟೆ ಇಳಿಸುವ ಮೊದಲೇ “ಆಸ್ರಿಗೆ ಎಂತ ಕೊಡ್ಲಿ?” ಎಂದು ಕೇಳಿದರು. ಆಸ್ರಿಗೆ ಎಂದರೆ ಬಾಯಾರಿಕೆಗೆ ಕೊಡುವುದು. ನೀರು, ಬೆಲ್ಲ, ಮಜ್ಜಿಗೆ, ಚಹಾ, ಏನು ಬೇಕೋ ಅದು. ಇಲ್ಲಿ ಬಾಗಿಲಿಗೆ ಬಂದವರನ್ನು ಮೊದಲು ಅದನ್ನು ಕೇಳುತ್ತಾರೆ, ಯಾರು, ಯಾವ ಊರು, ಯಾವ ಮಂದಿ ಎನ್ನುವುದು ಆಮೇಲೆ. ನಮ್ಮಲ್ಲಿ ಹಾಗಲ್ಲ. ಮೊದಲು ಯಾವ ಮಂದಿ ಎಂದು ತಿಳಿಯಬೇಕು, ನೀರು ಯಾವ ಪಾತ್ರೆಯಲ್ಲಿ ಕೊಡುವುದು ಎನ್ನುವುದು ಅದರ ಮೇಲೆ. ಸಿಟ್ಟಾಗಬೇಡಿ, ಆಗಿನ ಮಾತು ಹೇಳುತ್ತಿದ್ದೇನೆ. ಈಗ ಹಾಗಿಲ್ಲ ಎನ್ನುವವರು ನಿಮ್ಮ ಮನೆಯ ಹಿತ್ತಲ ಗೂಡಿನಲ್ಲಿ ಬೇರೆ ಲೋಟ ಇದೆಯೋ ಇಲ್ಲವೋ ನೋಡಿಕೊಂಡು ಬನ್ನಿ.

ಮೊದಲ ಮಳೆಗಾಲದಲ್ಲಿ ಜೋಳದ ಹಿಟ್ಟು ಡಬ್ಬಿಯೊಳಗೇ ಹಸಿ ವಾಸನೆ ಹಿಡಿಯಿತು. ರೊಟ್ಟಿ ತಟ್ಟಿದರೆ ನಡುವೆ ಬಿರಿಯುತ್ತಿತ್ತು. ಐವತ್ತು ವರ್ಷ ರೊಟ್ಟಿ ತಟ್ಟಿದ ಕೈ ಇದು, ನನಗೇ ನಾಚಿಕೆ ಬಂತು. ಕಮಲಾಕ್ಷಮ್ಮ ತಂಬುಳಿ ತಂದುಕೊಟ್ಟರು. ಯಾವುದಾದರೂ ಸೊಪ್ಪನ್ನು ಹುರಿದು ಅರೆದು ಮಜ್ಜಿಗೆಗೆ ಬೆರೆಸಿದರೆ ಅದು ತಂಬುಳಿ, ಅನ್ನಕ್ಕೆ ಕಲಸಿಕೊಳ್ಳುತ್ತಾರೆ. ನಮ್ಮ ಕಡೆ ಆಡೂ ಮೂಸಿ ನೋಡದ ಎಲೆಯನ್ನು ಇಲ್ಲಿ ತಂಬುಳಿ ಮಾಡುತ್ತಾರೆ.

“ಏನ್ರಿ ಅಕ್ಕಾರ, ಊಟಕ್ಕ ಕರದು ಔಷಧ ಹಾಕಾಕತ್ತೀರಿ?”

“ಉಣ್ಣಿ ಮೊದ್ಲು. ಬೈಯೂದು ಆಮೇಲೆ.”

ಉಂಡೆ. ಬೈಯಲಿಲ್ಲ. ಬೇಸಿಗೆ ಬಂದಾಗ ಹೊಸ ಹಿಟ್ಟು ತರಿಸಿ ರೊಟ್ಟಿ, ಶೇಂಗಾ ಚಟ್ನಿ ಮಾಡಿ ಅವರಿಗೂ ಕೊಟ್ಟೆ. “ದವಡೆ ನೋವು ಬಂತು ನೀಲವ್ವ,” ಎಂದರು. ಇನ್ನೊಂದು ಹಾಕಿಸಿಕೊಂಡರು. ಈಗ ವಾರಕ್ಕೊಮ್ಮೆ ಆ ಮನೆಯಲ್ಲಿ ರೊಟ್ಟಿಯಾಗುತ್ತದೆ. ಇದನ್ನು ನನ್ನ ಗೆಲುವು ಎಂದು ಬರೆದುಕೊಳ್ಳಿ.

ಸೋಲು ಬೇರೆಯದಿತ್ತು. ಮಂಜುಳಾ ಆಸ್ಪತ್ರೆಗೆ, ಮೊಮ್ಮಗಳು ಶಾಲೆಗೆ. ನಾನು ಗೋಡೆಗೆ. ಊರಲ್ಲಾದರೆ ಕಟ್ಟೆಯ ಮೇಲೆ ಕೂತರೆ ಹೋಗುವವರು ಬರುವವರು ಒಂದು ಮಾತು ಎಸೆದು ಹೋಗುತ್ತಾರೆ. ಇಲ್ಲಿ ಬೇಲಿ, ಬೇಲಿಯಾಚೆ ಮರ, ಮರದಾಚೆ ಇನ್ನೊಂದು ಬೇಲಿ. ನನಗೆ ಮಾತು ಬೇಕಿತ್ತು, ಅದಕ್ಕಿಂತ ಹೆಚ್ಚು ಕೇಳುವ ಕೆಲಸ ಬೇಕಿತ್ತು. ಯಾಕೆಂದರೆ ನಮ್ಮೂರಿನಲ್ಲಿ ಕಥೆ ಹೇಳುವವರು ಬೇಕಾದಷ್ಟು ಮಂದಿ, ಚಂದಾಗಿ ಹೂಂ ಅನ್ನುವವಳು ನಾನೊಬ್ಬಳೇ. ಶೇಂಗಾ ಒಡೆಯುವಾಗ, ಕೌದಿ ಹೊಲಿಯುವಾಗ “ನೀಲವ್ವನ್ನ ಕರೀರಿ, ಇಲ್ಲಂದ್ರ ಕಥಿ ಏಳಂಗಿಲ್ಲ,” ಎನ್ನುತ್ತಿದ್ದರು. ನಿಮಗೆ ನೆನಪಿರಬಹುದು.

ಕಮಲಾಕ್ಷಮ್ಮನವರ ಜಗಲಿಯಲ್ಲಿ ಬುಧವಾರ ಮಧ್ಯಾಹ್ನ ಹೆಂಗಸರು ಸೇರುತ್ತಾರೆ ಎಂದು ತಿಳಿದದ್ದು ಆರು ತಿಂಗಳ ಮೇಲೆ. ಕಥೆ ಹೇಳುತ್ತಾರೆ, ಬರಹ ಬಲ್ಲವರು ಬರೆದು ತರುತ್ತಾರೆ, ಬಾರದವರದ್ದನ್ನು ಕಮಲಾಕ್ಷಮ್ಮ ಬರೆದುಕೊಳ್ಳುತ್ತಾರೆ, ಎಲ್ಲ ಸೇರಿಸಿ ಪುಸ್ತಕ ಮಾಡುತ್ತಾರೆ. ಮಧ್ಯಾಹ್ನ ಕಥೆಯೇ ಎಂದು ನಾನು ಬೆರಗಾದೆ. ನಮ್ಮಲ್ಲಿ ಹಗಲು ಕಥೆ ಹೇಳಿದರೆ ದಾರಿಹೋಕರು ದಾರಿ ತಪ್ಪುತ್ತಾರೆ ಎನ್ನುತ್ತಾರಲ್ಲ. ಹಾಗೆಂದಾಗ ಜೈನಬಿ ನಕ್ಕಳು. ಅವಳು ಶಿರಸಿಯಲ್ಲಿ ಹೊಲಿಗೆ ಅಂಗಡಿ ಇಟ್ಟವಳು, ಮನೆಮಾತು ಉರ್ದು, ಅಜ್ಜಿಗೆ ದಾದಿ ಎನ್ನುತ್ತಾಳೆ. “ದಾದಿ, ನಮ್ಮ ಬಸ್ಸು ಹೆಂಗೂ ದಾರಿ ತಪ್ಪೇ ಬರ್ತದೆ. ನೀವು ಕೂಡ್ರಿ,” ಎಂದಳು.

ಆ ಜಗಲಿಯಲ್ಲಿ ಎಷ್ಟು ಥರದವರು. ಎಮ್ಮೆ ಸಾಕುವ ಗೌಳಿಗರ ಭಾಗೂಬಾಯಿ ಮರಾಠಿಯಲ್ಲಿ ಹೇಳುತ್ತಾಳೆ. ಬಿಳಗಿಯಿಂದ ಒಬ್ಬಳು ತಿಂಗಳಿಗೊಮ್ಮೆ ಬರುತ್ತಾಳೆ, ಅವಳದ್ದೆಲ್ಲ ರಾಣಿಯರ ಕಥೆ. ಮಾಗೋಡಿನ ದಾರಿಯ ಒಂದು ಕೇರಿಯಿಂದ ಸಿದ್ದಿಯರ ಯಶೋದಾ ಬರುತ್ತಾಳೆ. ಸಿದ್ದಿಯರು ಯಾವ ಕಾಲದಲ್ಲೋ ಸಮುದ್ರದಾಚೆಯಿಂದ ಬಂದು ಈ ಕಾಡಿನಲ್ಲಿ ನೆಲೆಯಾದವರು, ಗುಂಗುರು ಕೂದಲಿನವರು, ಮನೆಯಲ್ಲಿ ಕೊಂಕಣಿ ಆಡುತ್ತಾರೆ. ಯಶೋದಾಗೆ ಐವತ್ತು ದಾಟಿದೆ. ಸಣ್ಣ ಅಕ್ಷರ ತುಂಬಿದ ನೋಟುಬುಕ್ಕು ಯಾವಾಗಲೂ ಚೀಲದಲ್ಲಿ. ಪ್ರತಿಯೊಬ್ಬರೂ ಮೊದಲು ತಮ್ಮ ಮಾತಿನಲ್ಲಿ ಹೇಳುತ್ತಾರೆ, ಆಮೇಲೆ ಕನ್ನಡದಲ್ಲಿ. ನನಗೆ ಮರಾಠಿ ಬಾರದು, ಕೊಂಕಣಿ ಬಾರದು. ಆದರೆ ಹೂಂ ಅನ್ನಲು ಭಾಷೆ ಬೇಕಿಲ್ಲ. ಹೇಳುವವಳ ದನಿ ಎಲ್ಲಿ ಇಳಿಯುತ್ತದೆ ಎಂದು ಗೊತ್ತಾದರೆ ಸಾಕು.

ಮೊದಲ ಬುಧವಾರವೇ ನಾನು ಹೂಂ ಹಾಕಿದೆ. ಭಾಗೂಬಾಯಿ ಕಥೆ ನಿಲ್ಲಿಸಿ “ಎಂತ ಆಜೀ, ಹೊಟ್ಟೆನೋವಾ?” ಎಂದಳು. ಎಲ್ಲರೂ ನಕ್ಕರು. ಆಗ ನಾನು ನಮ್ಮೂರ ಕಟ್ಟಳೆ ಹೇಳಿದೆ. ಕಥೆಗೆ ಹೂಂ ಬೇಕು. ಹೂಂ ಇದ್ದಷ್ಟು ಹೊತ್ತು ಹೇಳುವವಳು ನಿಲ್ಲಿಸಬಾರದು. ಹೂಂ ನಿಂತರೆ ಕಥೆಯೂ ನಿಲ್ಲಬೇಕು, ಕೇಳುವವರಿಲ್ಲದ ಕಥೆ ಹೇಳಿದರೆ ಹೇಳಿದ ಬಾಯಿಗೇ ಕೇಡು. ಅವರಿಗೆ ಇದು ಹಿಡಿಸಿತು. ಒಂದೆರಡು ತಿಂಗಳಲ್ಲಿ ನನ್ನ ಹೂಂ ಇಲ್ಲದೆ ಜಗಲಿಯಲ್ಲಿ ಯಾರೂ ಬಾಯಿ ತೆರೆಯುತ್ತಿರಲಿಲ್ಲ. “ದಾದಿ ಬಂದ ಮೇಲೆ ಕಥಿಗೆ ಹಾರನ್ನೂ ಬಂತು, ಬ್ರೇಕೂ ಬಂತು,” ಎಂದಳು ಜೈನಬಿ. ಪರಊರಿಗೆ ಬಂದು ನನ್ನೂರ ಕಟ್ಟಳೆ ನಡೆಸಿದೆನಲ್ಲ ಎಂದು ನಾನು ಉಬ್ಬಿದೆ. ಸುಳ್ಳು ಹೇಳುವುದಿಲ್ಲ, ಬಹಳ ಉಬ್ಬಿದೆ.

ಎಲ್ಲರಲ್ಲಿ ನನಗೆ ಹತ್ತಿರವಾದವಳು ಯಶೋದಾ. ಅವಳು ಕೌದಿ ಹೊಲಿಯುತ್ತಾಳೆ, ನಾನೂ ಹೊಲಿದವಳು. ನಮ್ಮದರ ಹೊಲಿಗೆ ದೊಡ್ಡದು ಎಂದು ಅವಳು ಹಂಗಿಸುತ್ತಿದ್ದಳು, ಅವರದರ ಬಣ್ಣ ಕಣ್ಣಿಗೆ ಚುಚ್ಚುತ್ತದೆ ಎಂದು ನಾನು. ಬೇರೆಯವರು ಕಥೆ ಹೇಳುವಾಗ ಒಂದೇ ಕೌದಿಯ ಎರಡು ಅಂಚು ಹಿಡಿದು ಹೊಲಿದಿದ್ದೇವೆ. ಊರು ಬಿಟ್ಟ ಮೇಲೆ ನನಗೆ ಸಿಕ್ಕ ಮೊದಲ ಗೆಳತಿ ಆಕೆ.

ಹೋದ ಚಳಿಗಾಲದ ಒಂದು ಬುಧವಾರ ಯಶೋದಾ ನೋಟುಬುಕ್ಕು ತೆರೆಯಲಿಲ್ಲ.

“ಇದನ್ನ ಬರೆಯೂಕೆ ಮುಂಚೆ ಒಂದ್ಸಲ ಬಾಯಲ್ಲಿ ಹೇಳ್ಬೇಕು,” ಎಂದಳು. “ಎಲ್ಲೂ ಹೇಳಿಲ್ಲ. ಮನೇಲೂ ಹೇಳಿಲ್ಲ. ಅಜ್ಜಿ, ನೀವು ಇಲ್ಲಿ ಎದುರಿಗೆ ಬನ್ನಿ. ಗಟ್ಟಿಯಾಗಿ ಹೂಂ ಹೇಳಿ. ನಂಗೆ ಹೆದರಿಕೆ ಆಗ್ತದೆ.”

ನಾನು ಎದುರಿಗೆ ಕೂತೆ.

ಅವಳಿಗೆ ಹತ್ತು ವರ್ಷವಿದ್ದಾಗ ಹುಬ್ಬಳ್ಳಿ ಕಡೆಯ ಒಂದು ಮನೆಗೆ ಕೆಲಸಕ್ಕೆ ಬಿಟ್ಟಿದ್ದರಂತೆ. ಹೂಂ. ಮಲಗುವುದು ದನದ ಕೊಟ್ಟಿಗೆಯ ಪಕ್ಕ. ಹೂಂ. ಮನೆಗೆ ಬಂದವರನ್ನೆಲ್ಲ ಕರೆದು ಇವಳ ಕೂದಲು ಮುಟ್ಟಿಸಿ ನಗುತ್ತಿದ್ದರು. ಹೂಂ ಅಂದೆ. ಒಂದೂವರೆ ವರ್ಷ ಊರಿಗೆ ಕಳಿಸಲಿಲ್ಲ. ಹೂಂ ಅಂದೆ, ದನಿ ಸ್ವಲ್ಪ ಇಳಿದಿತ್ತು.

“ಒಂದಿನ ನಾನು ಮಾಳಿಗೆ ಮೇಲೆ ಮೆಣಸಿನಕಾಯಿ ಹರವ್ತಾ ಇದ್ದೆ,” ಎಂದಳು. “ಕೆಳಗೆ ಹಿತ್ತಲ ಬಾಗಿಲಲ್ಲಿ ಆಯಿ ದನಿ ಕೇಳ್ತು.” ಆಯಿ ಎಂದರೆ ತಾಯಿ. “ನಡ್ಕೊಂಡು ಬಂದಿದ್ಲು ನನ್ನ ನೋಡೂಕೆ. ಹಲಸಿನ ಹಪ್ಪಳದ ಗಂಟು ಇತ್ತು ಕೈಯಲ್ಲಿ.”

ನಾನು ಹೂಂ ಅನ್ನಲಿಲ್ಲ.

“ಆಗ ಆ ಮನೆ ಸೊಸೆ ಹೊರಗೆ ಬಂದ್ಲು,” ಎಂದಳು ಯಶೋದಾ. ಕಾದಳು.

ಒಂದು ಹೂಂಗೆ ಎಷ್ಟು ಉಸಿರು ಬೇಕು. ಕೂಸಿಗೂ ಬರುವ ಶಬ್ದ. ನಾನು ಸೆರಗನ್ನು ಬಾಯಿಗೆ ಒತ್ತಿ ಹಿಡಿದೆ. “ಮುಂದೆ?” ಎಂದಳು ಭಾಗೂಬಾಯಿ. “ದಾದಿ, ನಿದ್ದಿ ಬಂತಾ?” ಎಂದಳು ಜೈನಬಿ. ಯಶೋದಾ ಅವರ ಕಡೆ ನೋಡಲಿಲ್ಲ. ನನ್ನ ಮುಖವನ್ನೇ ನೋಡುತ್ತಿದ್ದಳು. ಆಮೇಲೆ ಎದ್ದು ಸೀರೆ ಕೊಡವಿಕೊಂಡಳು.

“ಹೂಂ ನಿಂತಿತು. ಕಥೆ ನಿಂತಿತು. ಅಜ್ಜಿಯೇ ಹೇಳಿಕೊಟ್ಟ ಕಾಯ್ದೆ,” ಎಂದು ಬಸ್ಸಿಗೆ ಹೊರಟುಹೋದಳು.

ಇನ್ನು ನಮ್ಮ ಮನೆಯದನ್ನು ಹೇಳುತ್ತೇನೆ. ನಾನು ಸೊಸೆಯಾಗಿ ಹೋದ ಎರಡನೇ ವರ್ಷ. ಕಟ್ಟಿಗೆ ವ್ಯಾಪಾರಕ್ಕೆ ಬರುತ್ತಿದ್ದವನೊಬ್ಬ ಕಾಡಿನ ಕಡೆಯ ಒಂದು ಹುಡುಗಿಯನ್ನು ತಂದು ನಮ್ಮತ್ತೆಯ ಕೈಗೆ ಒಪ್ಪಿಸಿದ್ದ. ಹನ್ನೊಂದೋ ಹನ್ನೆರಡೋ ವರ್ಷ. ಗುಂಗುರು ಕೂದಲು. ಸಗಣಿ ಬಾಚುವುದು, ಮುಸುರೆ ತಿಕ್ಕುವುದು, ಶೇಂಗಾ ಒಡೆಯುವುದು. ಊಟ ಹಿತ್ತಲಲ್ಲಿ, ತಟ್ಟೆ ಬೇರೆ. ಒಂದು ಸುಗ್ಗಿಯ ದಿನ ಅವಳ ತಾಯಿ ಹಿತ್ತಲ ಬಾಗಿಲಿಗೆ ಬಂದಳು. ಎಷ್ಟು ದಿನ ನಡೆದಿದ್ದಳೋ, ಕಾಲು ಒಡೆದಿದ್ದವು. ಎಲೆಯಲ್ಲಿ ಸುತ್ತಿದ ಜೇನಿನ ಗಂಟು ತಂದಿದ್ದಳು. ಹುಡುಗಿ ಒಳಗೆ ಅಟ್ಟದ ಮೇಲೆ ಇದ್ದಳು. ತಾಯಿ ಕಂಡರೆ ಹುಡುಗಿ ಹಿಂದೆ ಹೊರಟುಬಿಡುತ್ತಾಳೆ, ಸುಗ್ಗಿಯಲ್ಲಿ ಕೈ ಸಾಲುವುದಿಲ್ಲ ಎಂದು ನಮ್ಮತ್ತೆ ಕಣ್ಸನ್ನೆ ಮಾಡಿದಳು. ಹೊರಗೆ ಹೋಗಿ ಮಾತಾಡಿದವಳು ನಾನು.

“ನಿನ್ನ ಮಗಳು ಇಲ್ಲಬೇ. ನಮ್ಮ ನೆಗೆಣ್ಣಿ ಜೋಡಿ ಪರಊರಿಗೆ ಹೋಗ್ಯಾಳ. ಸುಗ್ಗಿ ಮುಗದ ಮ್ಯಾಲ ಬಾ.”

ಆ ಹೆಂಗಸು ಜೇನು ನನ್ನ ಕೈಗೆ ಕೊಟ್ಟು ಹಿಂದಿರುಗಿದಳು. ಒಂದು ಲೋಟ ನೀರು ಬೇಕೇ ಎಂದೂ ನಾನು ಕೇಳಲಿಲ್ಲ. ಆ ಜೇನನ್ನು ನಾವು ರೊಟ್ಟಿಗೆ ಹಚ್ಚಿಕೊಂಡು ತಿಂದೆವು. ಚಲೋ ಇತ್ತು. ಹುಡುಗಿಗೆ ತಾಯಿ ಬಂದದ್ದನ್ನು ಹೇಳಲಿಲ್ಲ. ಸುಗ್ಗಿಯಾದ ಮೇಲೆ ತಾಯಿ ಬರಲಿಲ್ಲ. ಮುಂದಿನ ವರ್ಷ ಆ ಕಟ್ಟಿಗೆಯವನು ಹುಡುಗಿಯನ್ನು ಬೇರೆ ಎಲ್ಲಿಗೋ ಕರೆದೊಯ್ದ. ಅಷ್ಟೇ ನನಗೆ ಗೊತ್ತು.

ಅತ್ತೆ ಹೇಳಿದ್ದಕ್ಕೆ ಹೇಳಿದೆ ಎನ್ನಬಹುದು. ಬಾಯಿ ನನ್ನದೇ ಇತ್ತು.

ಯಶೋದಾ ಹೋದ ಮೇಲೆ ನಾನು ಮೊದಲು ಮಾಡಿದ್ದು ವಯಸ್ಸಿನ ಲೆಕ್ಕ. ನಮ್ಮ ಮನೆಯ ಹುಡುಗಿ ಈಗ ಅರವತ್ತು ದಾಟಿರಬೇಕು, ಯಶೋದಾ ಅದಕ್ಕಿಂತ ಹತ್ತು ವರ್ಷ ಚಿಕ್ಕವಳು. ಊರೂ ಬೇರೆ. ಇವಳು ಅವಳಲ್ಲ ಎಂದು ಖಾತ್ರಿಯಾದಾಗ ನನಗೆ ಸಮಾಧಾನವಾಯಿತು. ಆ ಸಮಾಧಾನವನ್ನು ನೆನೆದರೆ ಈಗಲೂ ತಲೆ ಎತ್ತಲಾಗುವುದಿಲ್ಲ. ಅವಳಲ್ಲ ಎಂದರೆ ಇಂಥ ಮನೆಗಳು ಎರಡಿದ್ದವು ಎಂದಾಯಿತು, ಅಷ್ಟೇ. ಎರಡೇ ಎಂದು ಯಾರು ಹೇಳಿದರು?

ಮುಂದಿನ ಮೂರು ಬುಧವಾರ ಯಶೋದಾ ಬರಲಿಲ್ಲ.

“ಯಶೋದಂಗೆ ಎಂತ ಆತು? ನೀವು ಎಂತಾರೂ ಅಂದ್ರಾ ನೀಲವ್ವ?” ಎಂದು ಕಮಲಾಕ್ಷಮ್ಮ ಕೇಳಿದರು.

“ಇಲ್ಲರಿ. ಅವತ್ತ ನಂಗ ನಿದ್ದಿ ಹತ್ತಿತ್ತು,” ಎಂದೆ. ಹಿತ್ತಲ ಬಾಗಿಲಲ್ಲಿ ಹೇಳಿದಷ್ಟೇ ಸಲೀಸಾಗಿ ಬಂತು ಸುಳ್ಳು.

ಅವರು ನಂಬಿದರು. ಫೋನಿನಲ್ಲಿ ಯಶೋದಾಗೆ ಅದನ್ನೇ ಹೇಳಿದರು. ಸಂಜೆ ಬಂದು “ಯಶೋದಾ ಎಂತದೋ ಹೇಳ್ತಪ್ಪ,” ಎಂದರು. “ಅಜ್ಜಿ ಕಣ್ಣು ಬಿಟ್ಟೇ ಇತ್ತು ಹೇಳಿ ಹೇಳ್ತು.”

ಆಗ ಎಲ್ಲವನ್ನೂ ಅವರಿಗೆ ಹೇಳಿದೆ. ಅವರು ತಮ್ಮ ರೂಢಿಯಂತೆ ಮುಗಿಯುವತನಕ ಸುಮ್ಮನೆ ಕೇಳಿದರು. ನಡುವೆ ಒಂದು ಹೂಂ ಎಂದಿದ್ದರೆ ನನಗೆ ಸುಲಭವಾಗುತ್ತಿತ್ತು. ಅನ್ನಲಿಲ್ಲ. ಕೊನೆಗೆ “ನಂಗೆ ಹೇಳಿ ಪ್ರಯೋಜನ ಇಲ್ಲೆ,” ಎಂದರು. “ನಾಳೆ ಬೆಳಗ್ಗೆ ಬಸ್ಸಿದ್ದು.”

ಮರುದಿನ ಒಬ್ಬಳೇ ಹೋದೆ. ಬಸ್ಸಿಳಿದು ಕಾಡಿನ ದಾರಿಯಲ್ಲಿ ನಡೆಯುವಾಗ ಕಾಲಿಗೆ ಮುಳ್ಳು ಹತ್ತಿತು. ಕಿತ್ತೊಗೆದು ನಡೆದೆ. ಯಶೋದಾ ಅಂಗಳದಲ್ಲಿ ಕೌದಿ ಹರವಿಕೊಂಡು ಕೂತಿದ್ದಳು.

“ಎಂತ ಅಜ್ಜಿ, ಒಬ್ಬರೇ ಬಂದ್ರಾ? ಕೂತ್ಕೊಳ್ಳಿ. ನೀರು ಕುಡೀರಿ ಮೊದ್ಲು.”

ಕುಡಿಯಲಾಗಲಿಲ್ಲ. “ಯವ್ವಾ, ಆ ಕಥಿ ಮುಗಸು. ಈಗ ಹೂಂ ಅಂತೀನಿ,” ಎಂದೆ.

“ಅವತ್ತು ಎಂತಕ್ಕೆ ಹೇಳ್ಲಿಲ್ಲ?”

“ಆ ಸೊಸಿ ಹೊರಗ ಬಂದ್ಲು ಅಂದೆಲ್ಲ. ಅಕಿ ಏನಂತಾಳ ಅಂತ ನಂಗ ಗೊತ್ತಿತ್ತು.”

“ಎಂತ ಹೇಳ್ತಾಳೆ?”

ಹೇಳಿದೆ. ನಾನು ಅಂದು ಆಡಿದ ಮಾತನ್ನೇ, ಒಂದಕ್ಷರ ಬಿಡದೆ. ಯಶೋದಾಳ ಸೂಜಿ ನಿಂತಿತು.

“ನೀವು ಹುಬ್ಬಳ್ಳಿ ಮನೆಯವರಾ?”

“ಅಲ್ಲ. ನಮ್ಮದು ಬ್ಯಾರೆ ಮನಿ. ಬ್ಯಾರೆ ಹುಡುಗಿ. ಮಾತು ಒಂದ.”

ಒಂದು ಕೋಳಿ ಬಂದು ಕೌದಿಯ ಮೇಲೆ ಹತ್ತಿತು. ಅವಳು ಅದನ್ನು ಓಡಿಸಲಿಲ್ಲ.

“ಅವಳ ಹೆಸರು ಎಂತ?”

“ಪೋರಿ ಅಂತ ಕರೀತಿದ್ವಿ.”

“ಅದು ಹೆಸರಲ್ಲ ಅಜ್ಜಿ.”

“ಗೊತ್ತಿಲ್ಲ.”

“ನಿಮ್ಮನೇಲಿ ಎಮ್ಮೆ ಇತ್ತಾ?”

“ಎರಡಿದ್ವು.”

“ಅದರ ಹೆಸರು?”

“ಗಂಗಿ, ಕೆಂಚಿ,” ಎಂದುಬಿಟ್ಟೆ. ಯೋಚಿಸುವ ಮೊದಲೇ ಬಾಯಿಗೆ ಬಂದವು. ಐವತ್ತು ವರ್ಷದ ಹಿಂದಿನ ಎಮ್ಮೆಗಳು.

ಯಶೋದಾ ಮತ್ತೆ ಹೊಲಿಯತೊಡಗಿದಳು. ನಾನು ತಪ್ಪಾಯಿತು ಎಂದೆ. “ನನ್ನ ಹತ್ರ ಎಂತಕ್ಕೆ ಹೇಳ್ತೀರಿ? ಅದು ನಂಗೆ ಸಲ್ಲೂದಲ್ಲ,” ಎಂದಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಹೊರಡುವಾಗ ಅವಳೇ ಹೇಳಿದಳು. “ನನ್ನ ಕಥೆ ನಾನು ಬರೆದು ಮುಗಿಸಿಯಾಯ್ತು. ಬರೆಯೂಕೆ ಯಾರ ಹೂಂ ಕೂಡ ಬೇಡ. ಬಾಯಲ್ಲಿ ಮಾತ್ರ ಇನ್ನು ಯಾರಿಗೂ ಹೇಳೂದಿಲ್ಲ. ನಿಮ್ಮ ಮನೆ ಹುಡುಗಿ ಕಥೆ ನೀವೇ ಹೇಳ್ಬೇಕು. ಜಗಲಿಗೆ ಬಂದು ಹೇಳಿ. ನಾನು ಹೂಂ ಹೇಳ್ತೇನೆ. ಆದ್ರೆ ಪೋರಿ ಅಂತ ಶುರು ಮಾಡಿದ್ರೆ ಹೇಳೂದಿಲ್ಲ.”

ಮೊನ್ನೆ ಮದುವೆಗೆಂದು ಊರಿಗೆ ಬಂದಿದ್ದೆನಲ್ಲ, ಅದು ಮದುವೆಗಲ್ಲ. ಹೆಸರು ಹುಡುಕಲು ಬಂದಿದ್ದೆ. ನಮ್ಮ ನಾದಿನಿಯನ್ನು ಕೇಳಿದೆ. ಆಗ ಅವಳೂ ಅದೇ ಮನೆಯಲ್ಲಿದ್ದಳು, ಆ ಹುಡುಗಿಗಿಂತ ಎರಡು ವರ್ಷ ದೊಡ್ಡವಳು.

“ಅಯ್ಯ, ಯಾವ ಕಾಲದ ಮಾತು ತಗದು ಮದವಿ ಮನ್ಯಾಗ ಕುಂತೀ. ಕೆಲಸದಾಕಿ ಹೆಸರು ಯಾರು ನೆನಪಿಡ್ತಾರ? ಅಲ್ಲಿ ಹೋಗಿ ನೀ ಕಾಡಿನವರಾಕಿ ಆಗೀ ನೋಡು.”

ಪಂಕ್ತಿಯಲ್ಲಿದ್ದವರು ನಕ್ಕರು. ಸಾರು ಬಡಿಸಿದವರಿಗೆ ನಾನು ಇಲ್ಲಿಯವರ ಹಾಗೆ ‘ಸ್ವಲ್ಪ ಅಡ್ಡಿಲ್ಲೆ’ ಎಂದಿದ್ದಕ್ಕೂ ನಕ್ಕಿದ್ದರು. ಇಲ್ಲಿಗೆ ವಾಪಸು ಬಂದು ಬಸ್ಸಿಳಿದರೆ ಓಣಿಯ ಹುಡುಗರು “ಬಯಲುಸೀಮೆ ಅಜ್ಜಿ ಬಂತು,” ಎಂದರು. ನಗುವವರು ಎರಡೂ ಕಡೆ ಇದ್ದಾರೆ. ಅದಕ್ಕೆ ನನ್ನ ತಕರಾರಿಲ್ಲ.

ಪುಸ್ತಕ ಬಂದಿದೆ. ಯಶೋದಾಳ ಕಥೆ ನಾಲ್ಕು ಪುಟ. ಅಕ್ಷರ ಕೂಡಿಸಿಕೊಂಡು ಓದಲು ನನಗೆ ಎರಡು ದಿನ ಹಿಡಿಯಿತು. ನಾನು ಹೂಂ ಅನ್ನದೆ ನಿಲ್ಲಿಸಿದ ಜಾಗದಿಂದ ಮುಂದೆ ಇಷ್ಟಿದೆ. ಸೊಸೆ ಸುಳ್ಳು ಹೇಳುತ್ತಾಳೆ. ಮಾಳಿಗೆಯ ಮೇಲಿನ ಹುಡುಗಿಗೆ ಎಲ್ಲವೂ ಕೇಳಿಸುತ್ತದೆ. ತಾಯಿ ಬೆನ್ನು ತಿರುಗಿಸಿ ನಡೆಯುವುದು ಕಾಣಿಸುತ್ತದೆ. ಒಂದು ಸಲ ಆಯಿ ಎಂದು ಕೂಗಿದ್ದರೆ ಸಾಕಿತ್ತು. ಹೊಡೆಯುತ್ತಾರೆಂಬ ಹೆದರಿಕೆಗೆ ಅವಳು ಕೂಗುವುದಿಲ್ಲ. ಆರು ತಿಂಗಳ ಮೇಲೆ ಊರಿಗೆ ಮುಟ್ಟಿದಾಗ ತಾಯಿ ಬದುಕಿರುವುದಿಲ್ಲ. ನಾನೇಕೆ ಕೂಗಲಿಲ್ಲ ಎಂದು ನಲವತ್ತು ವರ್ಷದಿಂದ ಕೇಳಿಕೊಳ್ಳುತ್ತಿದ್ದೇನೆ ಎಂದು ಯಶೋದಾ ಕಥೆ ಮುಗಿಸಿದ್ದಾಳೆ.

ಸುಳ್ಳು ಹೇಳಿದವರು ನಾವು. ತಪ್ಪು ತನ್ನದೆಂದು ಹೊತ್ತುಕೊಂಡವಳು ಹತ್ತು ವರ್ಷದ ಕೂಸು. ಅಂದು ಆ ಕಥೆ ಬಾಯಲ್ಲಿ ಮುಗಿದಿದ್ದರೆ ಜಗಲಿಯ ಅಷ್ಟೂ ಹೆಂಗಸರು ನಿನ್ನ ತಪ್ಪಲ್ಲ ಎಂದು ಅವಳಿಗೆ ಹೇಳುತ್ತಿದ್ದರು. ಅದನ್ನು ಕೇಳಲೆಂದೇ ಅವಳು ಬಂದಿದ್ದಳೋ ಏನೋ. ನಾನು ತಪ್ಪಿಸಿದೆ. ನಮ್ಮ ಅಟ್ಟವೂ ಎತ್ತರವಿರಲಿಲ್ಲ. ನನ್ನ ದನಿ ಆಗಲೂ ದೊಡ್ಡದೇ. ನಮ್ಮ ಹುಡುಗಿಗೂ ಕೇಳಿಸಿರಬೇಕು.

ಆದ್ದರಿಂದ ನಿಮ್ಮನ್ನು ಕೇಳುತ್ತಿದ್ದೇನೆ. ನಮ್ಮ ಹಿತ್ತಲಿಗೆ ಹೊಂದಿದ ಮನೆಗಳಲ್ಲಿ ಆಗ ಸಣ್ಣವರಾಗಿದ್ದವರು, ಬಾವಿಕಟ್ಟೆಯಲ್ಲಿ ಅವಳ ಜೋಡಿ ನೀರು ಸೇದಿದವರು, ಹೊಲಕ್ಕೆ ಬುತ್ತಿ ತಂದಾಗ ಅವಳನ್ನು ಕಂಡವರು ಯಾರಾದರೂ ಉಳಿದಿರಬೇಕು. ಗುಂಗುರು ಕೂದಲು, ಎಡಗೈಯ ಮೇಲೆ ಸುಟ್ಟ ಕಲೆ, ಕೊಡ ಇಳಿಸುವಾಗ ಏನೋ ಹಾಡುತ್ತಿದ್ದಳು. ಮಕ್ಕಳು ಮಕ್ಕಳ ಹೆಸರು ಕೇಳಿಕೊಳ್ಳುತ್ತಾರೆ. ಅವಳು ನಿಮ್ಮಲ್ಲಿ ಯಾರಿಗಾದರೂ ತನ್ನ ಹೆಸರು ಹೇಳಿರಬೇಕು. ಹೇಳಿದ್ದರೆ ಸಂಚಿಕೆಯವರ ಕೈಗೆ ಬರೆದು ಕೊಡಿ. ನಮ್ಮ ಮನೆತನದ ಮರ್ಯಾದೆ ನೋಡಬೇಡಿ, ಅದನ್ನು ನಾನು ಈಗ ಇಲ್ಲೇ ತೆಗೆದಿಟ್ಟಾಯಿತು.

ನಾನು ಯಾವ ಊರವಳು ಎಂದು ಕೇಳಿದರೆ ಈಗ ಎರಡು ಊರಿನ ಹೆಸರು ಹೇಳುತ್ತೇನೆ. ಒಂದರಲ್ಲಿ ಹುಟ್ಟಿದೆ, ಒಂದರಲ್ಲಿ ಮಣ್ಣಾಗುತ್ತೇನೆ, ಎರಡೂ ಕಡೆ ಅರ್ಧ ಅರ್ಧ ಪರಕೀಯಳು. ಆದರೂ ಎರಡೂ ಕಡೆ ನನ್ನನ್ನು ನೀಲವ್ವ ಎಂದೇ ಕರೆಯುತ್ತಾರೆ. ಆ ಹುಡುಗಿಯೂ ಹೀಗೇ ಊರು ಬಿಟ್ಟು ಬಂದವಳು, ನಾನು ಬಂದ ದಾರಿಯಲ್ಲೇ, ಎದುರು ದಿಕ್ಕಿನಿಂದ. ಎರಡು ವರ್ಷ ನಮ್ಮ ಮನೆಯಲ್ಲಿದ್ದಳು. ನಿನ್ನ ಹೆಸರೇನು ಎಂದು ನಾನು ಒಂದು ದಿನವೂ ಕೇಳಲಿಲ್ಲ.